ನೂರು ವರ್ಷದ ಬ್ರಿಟಿಷ್ ಪಿಯಾನೋ: ಹಣ ಕೊಡುವ ಮೊದಲು ಮುಚ್ಚಳ ಎತ್ತಿ ನೋಡಿ

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗಳು ಕೀಬೋರ್ಡಿನಲ್ಲಿ ಪಿಯಾನೋ ಕಲಿಯುತ್ತಿದ್ದಾಳೆ. ಇನ್ನು ಮುಂದೆ ನಿಜವಾದ ಪಿಯಾನೋನೇ ಬೇಕು ಅಂತ ಟೀಚರ್ ಹೇಳಿದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬರು ಹಳೆಯ ಪಿಯಾನೋ ಮಾರುತ್ತಿದ್ದಾರೆ. ಗೋಡೆಗೆ ಒರಗಿಸಿ ಇಡುವ ನಿಲುವು ಪಿಯಾನೋ. ಮೇಲೆ ‘ಕಾಲರ್ಡ್ ಅಂಡ್ ಕಾಲರ್ಡ್, ಲಂಡನ್’ ಅಂತ ಬರೆದಿದೆ. 1890ರ ಸುಮಾರಿನದಂತೆ. ವಾಲ್‌ನಟ್ ಮರ, ಹೂಬಳ್ಳಿಯ ಕೆತ್ತನೆ, ಎರಡು ಕಡೆ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು, ನೋಡಲು ತುಂಬಾ ಚೆಂದ. 350 ಪೌಂಡ್ ಕೇಳುತ್ತಿದ್ದಾರೆ. ‘ಆಂಟಿಕ್, ಬೆಲೆ ಏರುತ್ತಲೇ ಇರುತ್ತೆ’ ಅನ್ನುತ್ತಾರೆ. ತಗೊಳ್ಳಬಹುದಾ? ನಾಲ್ಕೈದು ವರ್ಷದಲ್ಲಿ ಮೈಸೂರಿಗೆ ವಾಪಸ್ ಹೋಗುವ ಯೋಚನೆ ಇದೆ. ಆಗ ಜೊತೆಗೆ ಒಯ್ಯಬಹುದಾ?

ಉತ್ತರ: ಮೈಸೂರಿನ ವಿಷಯ ಆಮೇಲೆ ಹೇಳುತ್ತೇನೆ, ಅದರಲ್ಲಿ ಕಾನೂನಿನ ತೊಡಕಿದೆ. ಮೊದಲು ಆ ‘ಬೆಲೆ ಏರುತ್ತೆ’ ಅನ್ನುವ ಮಾತು. ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಏರುವುದಿಲ್ಲ.

ಯಾಕೆ ಅಂದರೆ, ಇವು ಅಪರೂಪದ ವಸ್ತುಗಳೇ ಅಲ್ಲ. 1910ರ ಹೊತ್ತಿಗೆ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಪಿಯಾನೋಗಳು ತಯಾರಾಗುತ್ತಿದ್ದವು. ಲಂಡನ್ನಿನ ಕ್ಯಾಮ್ಡೆನ್ ಟೌನ್, ಕೆಂಟಿಶ್ ಟೌನ್ ಕಡೆ ಬೀದಿ ಬೀದಿಗೂ ಪಿಯಾನೋ ಮಾಡುವವರು, ಅದರ ಬಿಡಿಭಾಗ ಮಾಡುವವರು ಇದ್ದರು. ನಿಮ್ಮ ಕಾಲರ್ಡ್ ಕಂಪನಿಯ ದುಂಡನೆಯ ಕಾರ್ಖಾನೆ ಕಟ್ಟಡ ಕ್ಯಾಮ್ಡೆನ್ನಿನ ಓವಲ್ ರಸ್ತೆಯಲ್ಲಿ ಈಗಲೂ ನಿಂತಿದೆ. ಕಂತಿನಲ್ಲಿ ಹಣ ಕಟ್ಟಿ ಮೂರು ವರ್ಷದಲ್ಲಿ ಪಿಯಾನೋ ಸ್ವಂತ ಮಾಡಿಕೊಳ್ಳುವ ಪದ್ಧತಿ ಬಂದ ಮೇಲೆ ಗುಮಾಸ್ತರ ಮನೆಗೂ, ಕೆಲಸಗಾರರ ಮನೆಗೂ ಪಿಯಾನೋ ಬಂತು. ಮುಂದಿನ ಕೋಣೆಯಲ್ಲಿ ಪಿಯಾನೋ ಇದ್ದರೆ ಅದು ಮರ್ಯಾದೆಯ ಗುರುತು. ಆಮೇಲೆ ಗ್ರಾಮಫೋನ್ ಬಂತು, ರೇಡಿಯೋ ಬಂತು, ಟೀವಿ ಬಂತು. ಪಿಯಾನೋಗಳು ಮಾತ್ರ ಮನೆಗಳಲ್ಲೇ ಉಳಿದವು. ಈಗ ಅವುಗಳನ್ನು ಸುಮ್ನೆ ಕೊಡುತ್ತೇವೆ ಅಂದರೂ ಒಯ್ಯುವವರಿಲ್ಲ. ಎತ್ತಿಕೊಂಡು ಹೋಗಿ ಬಿಸಾಡಲು ಜನ ದುಡ್ಡು ಕೊಡುತ್ತಿದ್ದಾರೆ.

ಹಳೆಯ ಪಿಟೀಲಿಗೆ ಬೆಲೆ ಜಾಸ್ತಿ ಅಲ್ವಾ, ಪಿಯಾನೋಗೆ ಯಾಕಿಲ್ಲ ಅಂತ ನೀವು ಕೇಳಬಹುದು. ಪಿಟೀಲಿನಲ್ಲಿ ಸವೆಯುವ ಭಾಗಗಳು ಕಡಿಮೆ. ತಂತಿ, ಕುದುರೆ, ಬಿರಡೆ ಬದಲಾಯಿಸಿದರೆ ಮುಗಿಯಿತು. ಪಿಯಾನೋ ಒಂದು ಯಂತ್ರ. ಒಳಗೆ ಸಾವಿರಾರು ತುಂಡುಗಳಿವೆ: ಉಣ್ಣೆಯ ಫೆಲ್ಟು, ಚರ್ಮ, ದಾರ, ಸಣ್ಣ ಸ್ಪ್ರಿಂಗು, ಅಂಟು. ಇವು ನುಡಿಸಿದರೂ ಸವೆಯುತ್ತವೆ, ನುಡಿಸದೆ ಬಿಟ್ಟರೂ ಹಾಳಾಗುತ್ತವೆ. ಅದರ ಮೇಲೆ ಸುಮಾರು 220 ತಂತಿಗಳು ಹಗಲು ರಾತ್ರಿ ಎಳೆಯುತ್ತಲೇ ಇರುತ್ತವೆ. ಈಗಿನ ಪಿಯಾನೋದಲ್ಲಿ ಆ ಎಳೆತವೆಲ್ಲ ಸೇರಿದರೆ 18-20 ಟನ್ ಆಗುತ್ತದೆ. ಹಳೆಯದರಲ್ಲಿ ಇನ್ನೂ ಕಡಿಮೆ, ಆದರೂ ಟನ್‌ಗಳ ಲೆಕ್ಕವೇ. ನೂರಮೂವತ್ತು ವರ್ಷ ಇಂಥ ಎಳೆತ ತಡೆದುಕೊಂಡ ಮರದ ಪೆಟ್ಟಿಗೆ ಅದು.

ಹಾಗಾದರೆ ಹಳೆಯ ಬ್ರಿಟಿಷ್ ಪಿಯಾನೋ ತಗೊಳ್ಳಲೇಬಾರದಾ? ಹಾಗಲ್ಲ. ಕೆಲವು ತುಂಬಾ ಒಳ್ಳೆಯವು. ಆದರೆ ಹೊರಗಿನ ಕೆತ್ತನೆ ನೋಡಿ ಅದನ್ನು ಹೇಳಲಾಗುವುದಿಲ್ಲ. ಮೇಲಿನ ಮುಚ್ಚಳ ಎತ್ತಬೇಕು, ಟಾರ್ಚ್ ಹಿಡಿದು ಒಳಗೆ ಇಣುಕಬೇಕು. ಮಾಲೀಕರನ್ನು ಕೇಳಿ ಮುಂದಿನ ಹಲಗೆಯನ್ನೂ ತೆಗೆಸಿ. ಒಳಗಡೆ ಎರಡು ಬದಿಯಲ್ಲಿ ಮರದ ತಿರುಗಣೆ ಇರುತ್ತದೆ, ತಿರುಗಿಸಿದರೆ ಹಲಗೆ ಕೈಗೆ ಬರುತ್ತದೆ. ಪೆಡಲ್ ಹತ್ತಿರದ ಕೆಳಗಿನ ಹಲಗೆ ಒಂದು ಸ್ಪ್ರಿಂಗ್ ಪಟ್ಟಿಯ ಮೇಲೆ ನಿಂತಿರುತ್ತದೆ, ಅದನ್ನು ಮೇಲಕ್ಕೆ ಒತ್ತಿದರೆ ಸಾಕು. ಇಷ್ಟಕ್ಕೂ ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ.

ಒಳಗೆ ಮೊದಲು ನೋಡಬೇಕಾದ್ದು ತಂತಿಗಳು ಹೇಗೆ ಹೋಗಿವೆ ಅಂತ. ಎಲ್ಲ ತಂತಿಗಳೂ ಮೇಲಿನಿಂದ ಕೆಳಕ್ಕೆ ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದರೆ ಅದು ‘ಸ್ಟ್ರೇಟ್ ಸ್ಟ್ರಂಗ್’. ಎಡಗಡೆಯ ದಪ್ಪ ತಂತಿಗಳು ಓರೆಯಾಗಿ ಬಂದು ಉಳಿದ ತಂತಿಗಳ ಮೇಲೆ ಹಾದುಹೋಗಿದ್ದರೆ ‘ಓವರ್‌ಸ್ಟ್ರಂಗ್’. ಓರೆಯಾಗಿ ಹಾಕಿದರೆ ಅದೇ ಎತ್ತರದ ಪೆಟ್ಟಿಗೆಯಲ್ಲಿ ಉದ್ದದ ತಂತಿ ಹಿಡಿಸುತ್ತದೆ, ಮಂದ್ರದ ಸ್ವರ ತುಂಬಿಕೊಂಡು ಬರುತ್ತದೆ. ಅಮೆರಿಕದ ಸ್ಟೈನ್‌ವೇ ಕಂಪನಿ 1859ರಲ್ಲೇ ಗ್ರ್ಯಾಂಡ್ ಪಿಯಾನೋದ ಓರೆ ತಂತಿಗೆ ಪೇಟೆಂಟ್ ಪಡೆದಿತ್ತು. ಜರ್ಮನರು ಬೇಗ ಕಲಿತರು. ಬ್ರಿಟಿಷರು ಮಾತ್ರ ದಶಕಗಟ್ಟಲೆ ಹಳೆಯ ಪದ್ಧತಿಯನ್ನೇ ಹಿಡಿದು ಕೂತರು. ಹಟವೋ ಉದಾಸೀನವೋ, ಅಂತೂ ನಷ್ಟ ಅವರಿಗೇ ಆಯಿತು. 1915ರಲ್ಲಿ ಯುದ್ಧದ ನೆಪದಲ್ಲಿ ಹೊರಗಿನಿಂದ ಬರುವ ವಾದ್ಯಗಳಿಗೆ ಶೇಕಡಾ 33ರಷ್ಟು ತೆರಿಗೆ ಹಾಕಿದ ಮೇಲೆ ಬ್ರಿಟಿಷ್ ಕಂಪನಿಗಳು ಉಸಿರಾಡಿದವು.

ಎರಡನೆಯದು ಡ್ಯಾಂಪರ್. ಇದೇ ನಿಮ್ಮ ಪ್ರಶ್ನೆಗೆ ಮುಖ್ಯ ಅಂತ ನನಗನ್ನಿಸುತ್ತದೆ. ಕೀ ಒತ್ತಿದಾಗ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಬೆರಳು ತೆಗೆದ ಕೂಡಲೇ ಫೆಲ್ಟಿನ ಒಂದು ತುಂಡು ತಂತಿಯ ಮೇಲೆ ಕೂತು ನಾದ ನಿಲ್ಲಿಸಬೇಕು. ಅದೇ ಡ್ಯಾಂಪರ್. ಈಗಿನ ಪಿಯಾನೋಗಳಲ್ಲಿ ಅದು ಸುತ್ತಿಗೆಗಳ ಕೆಳಗಿರುತ್ತದೆ. ಅಲ್ಲಿ ತಂತಿಯ ಕಂಪನ ಜೋರಾಗಿರುತ್ತದೆ, ಒತ್ತಿದರೆ ಥಟ್ಟನೆ ನಿಲ್ಲುತ್ತದೆ. ಹಳೆಯ ಬ್ರಿಟಿಷ್ ಪಿಯಾನೋಗಳಲ್ಲಿ ಡ್ಯಾಂಪರ್ ಸುತ್ತಿಗೆಗಳ ಮೇಲ್ಗಡೆ, ತಂತಿಯ ತುದಿಗೆ ಹತ್ತಿರ ಇರುತ್ತದೆ. ಅಲ್ಲಿ ಕಂಪನವೇ ಕಡಿಮೆ. ಹಾಗಾಗಿ ಎಷ್ಟು ಒತ್ತಿದರೂ ನಾದ ಪೂರ್ತಿ ನಿಲ್ಲುವುದಿಲ್ಲ, ಎಳೆದುಕೊಂಡೇ ಇರುತ್ತದೆ. ಮೇಲಿರುವ ಡ್ಯಾಂಪರ್‌ಗಳನ್ನು ನಡೆಸಲು ಸುತ್ತಿಗೆಗಳ ಮುಂದೆ ಕಂಬಿಗಳ ಸಾಲೇ ನಿಂತಿರುತ್ತದೆ. ಅದಕ್ಕೇ ಇಲ್ಲಿನ ಟ್ಯೂನರ್‌ಗಳು, ಅಂದರೆ ಪಿಯಾನೋ ಶ್ರುತಿ ಮಾಡುವವರು, ಇದನ್ನು ‘ಬರ್ಡ್‌ಕೇಜ್’ (ಹಕ್ಕಿ ಪಂಜರ) ಅನ್ನುತ್ತಾರೆ. ಮುಂದಿನ ಹಲಗೆ ತೆಗೆದ ಕೂಡಲೇ ಕಾಣುತ್ತದೆ, ಗುರುತಿಸಲು ತಜ್ಞರೇ ಬೇಕಿಲ್ಲ. ಆ ಕಂಬಿಗಳ ನಡುವೆ ಕೈ ಹಾಕಿ ಶ್ರುತಿ ಮಾಡುವುದು ಕಿರಿಕಿರಿಯ ಕೆಲಸ. ಕೆಲವು ಟ್ಯೂನರ್‌ಗಳು ಜಾಸ್ತಿ ದುಡ್ಡು ಕೇಳುತ್ತಾರೆ, ಕೆಲವರು ಬರುವುದೇ ಇಲ್ಲ.

1890ರ ಕಾಲರ್ಡ್ ಅಂದರೆ ನೇರ ತಂತಿ, ಬರ್ಡ್‌ಕೇಜ್, ಎರಡೂ ಇರುವ ಸಂಭವವೇ ಹೆಚ್ಚು. ಕಂಪನಿಯ ಹೆಸರಿಗೆ ಕಳಂಕ ಹಚ್ಚುತ್ತಿಲ್ಲ. ಅವರದು ದೊಡ್ಡ ಮನೆತನವೇ. ಸಂಗೀತ ರಚನಕಾರ ಮುಜಿಯೋ ಕ್ಲೆಮೆಂಟಿ ನಡೆಸುತ್ತಿದ್ದ ಪಿಯಾನೋ ಕಂಪನಿಯೇ ಆಮೇಲೆ ಕಾಲರ್ಡ್ ಆದದ್ದು. ಆದರೆ ಕಲಿಯುವ ಮಗುವಿಗೆ ಬರ್ಡ್‌ಕೇಜ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಿಡಿಬಿಡಿಯಾಗಿ ನುಡಿಸು ಅಂತ ಟೀಚರ್ ಹೇಳುತ್ತಾರೆ. ಮಗು ಬೆರಳು ಸರಿಯಾಗಿಯೇ ಎತ್ತುತ್ತದೆ, ಆದರೂ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೇ ಸ್ವರವನ್ನು ಬೇಗ ಬೇಗ ನುಡಿಸಿದರೆ ಎರಡರಲ್ಲಿ ಒಂದು ಹಾರಿಹೋಗುತ್ತದೆ. ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಇದು ರಿಪೇರಿಯಿಂದ ಪೂರ್ತಿ ಹೋಗುವ ದೋಷವೂ ಅಲ್ಲ. ಆ ರಚನೆಯೇ ಹಾಗೆ.

ಮೂರನೆಯ ವಿಷಯ ಶ್ರುತಿ ನಿಲ್ಲುತ್ತದೋ ಇಲ್ಲವೋ. ಒಳ್ಳೆಯದು, ಕೆಟ್ಟದ್ದು ತೀರ್ಮಾನವಾಗುವುದು ಇಲ್ಲೇ. ತಂಬೂರಿಗೆ ಬಿರಡೆ ಇದ್ದಂತೆ ಪಿಯಾನೋದ ಪ್ರತಿ ತಂತಿಗೂ ಒಂದು ಉಕ್ಕಿನ ಪಿನ್ ಇರುತ್ತದೆ. ಪಿನ್‌ಗಳೆಲ್ಲ ಒಂದು ದಪ್ಪ ಮರದ ಹಲಗೆಗೆ ಬಿಗಿಯಾಗಿ ಹೊಡೆದಿರುತ್ತವೆ. ಬ್ರಿಟಿಷರು ಅದಕ್ಕೆ ‘ರೆಸ್ಟ್ ಪ್ಲ್ಯಾಂಕ್’ ಅನ್ನುತ್ತಾರೆ. ಸಾಮಾನ್ಯವಾಗಿ ಬೀಚ್ ಮರದ್ದು. ಆ ಮರ ಒಣಗಿ ಸೀಳಿದರೆ ಪಿನ್ ಸಡಿಲವಾಗುತ್ತದೆ. ಇವತ್ತು ಶ್ರುತಿ ಮಾಡಿದರೆ ಬರುವ ವಾರಕ್ಕೆ ಇಳಿದಿರುತ್ತದೆ. ಇಂಗ್ಲೆಂಡಿನ ಮನೆಗಳಿಗೆ ಸೆಂಟ್ರಲ್ ಹೀಟಿಂಗ್ ಬಂದ ಮೇಲೆ ಈ ಕಾಯಿಲೆ ಹೆಚ್ಚಾಯಿತು. ಚಳಿಗಾಲದಲ್ಲೂ ತೇವವಿದ್ದ ಕೋಣೆಗಳಿಗೆ ಅಂತ ಮಾಡಿದ್ದ ವಾದ್ಯಗಳು ರೇಡಿಯೇಟರ್ ಪಕ್ಕದಲ್ಲಿ ಕೂತು ಒಣಗಿದವು.

ಇದನ್ನು ನೀವೇ ಸ್ವಲ್ಪ ಮಟ್ಟಿಗೆ ಪರೀಕ್ಷೆ ಮಾಡಬಹುದು. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ನಡುವಿನ ‘ಎ’ ಸ್ವರ 440 ಹರ್ಟ್ಸ್ ತೋರಿಸಬೇಕು. ಅಲ್ಲಿಂದ ಒಂದೊಂದೇ ಕೀ ಒತ್ತುತ್ತಾ ಎಲ್ಲವನ್ನೂ ನೋಡಿ, ಬರೆದುಕೊಳ್ಳಿ. ಇಡೀ ಪಿಯಾನೋ ಒಂದೇ ಸಮನಾಗಿ ಅರ್ಧ ಸ್ವರದವರೆಗೂ ಇಳಿದಿದ್ದರೆ ತಕ್ಷಣ ಹೆದರಬೇಡಿ. ಬಹಳ ವರ್ಷದಿಂದ ಯಾರೂ ಶ್ರುತಿ ಮಾಡಿಸಿಲ್ಲ ಅಂತ ಮಾತ್ರ ಅದರ ಅರ್ಥ ಇರಬಹುದು. ಹೆದರಬೇಕಾದ್ದು ಬೇರೆ ಲಕ್ಷಣಕ್ಕೆ. ಪಕ್ಕಪಕ್ಕದ ಸ್ವರಗಳಲ್ಲಿ ಒಂದು ಸರಿ, ಇನ್ನೊಂದು ಪೂರ್ತಿ ಬಿದ್ದುಹೋಗಿದೆ ಅನ್ನಿ. ಅಥವಾ ಒಂದೇ ಕೀ ಒತ್ತಿದರೆ ಒಳಗಿನಿಂದ ಎರಡು ಮೂರು ಸ್ವರ ಒಟ್ಟಿಗೆ ಕೇಳಿಸುತ್ತದೆ ಅನ್ನಿ. ಮಧ್ಯ ಮತ್ತು ತಾರದ ಸ್ವರಗಳಿಗೆ ಮೂರು ಮೂರು ತಂತಿ ಇರುತ್ತವೆ, ಮೂರೂ ಒಂದೇ ಸ್ವರ ಹಿಡಿದಿರಬೇಕು. ಅಲ್ಲೊಂದು ಇಲ್ಲೊಂದು ಬಿದ್ದಿದೆ ಅಂದರೆ ಆ ಪಿನ್‌ಗಳು ಹಿಡಿತ ಕಳೆದುಕೊಂಡಿವೆ. ಪಿನ್‌ಗಳ ಬುಡವನ್ನೂ ನೋಡಿ. ಸುತ್ತ ರಟ್ಟಿನ ಚೂರೋ ಮರಳುಕಾಗದದ ಚೂರೋ ತುರುಕಿದ್ದರೆ, ಕೆಲವು ಪಿನ್ ಮಾತ್ರ ಹೊಸದಾಗಿ ದಪ್ಪ ಇದ್ದರೆ, ಕೆಲವನ್ನು ಒಳಕ್ಕೆ ಬಡಿದಿದ್ದರೆ, ಹಿಂದಿನವರೂ ಇದೇ ಕಾಯಿಲೆಗೆ ಮದ್ದು ಹುಡುಕಿದ್ದಾರೆ ಅಂತ ತಿಳಿಯಿರಿ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ. ‘ಹಳೆಯ ಪಿಯಾನೋ 440ಕ್ಕೆ ಅಂತ ಮಾಡಿದ್ದಲ್ಲ, ಅದಕ್ಕೇ ಅರ್ಧ ಸ್ವರ ಕೆಳಗಿದೆ’ ಅಂತ ಮಾರುವವರು ಹೇಳುತ್ತಾರೆ. ಬ್ರಿಟಿಷ್ ಪಿಯಾನೋ ವಿಷಯದಲ್ಲಿ ಇದು ತಲೆಕೆಳಗಾದ ಮಾತು. ವಿಕ್ಟೋರಿಯಾ ಕಾಲದ ಕೊನೆಯಲ್ಲಿ ಇಲ್ಲಿನ ಕಛೇರಿಗಳ ಶ್ರುತಿ ಈಗಿನದಕ್ಕಿಂತ ಎತ್ತರ ಇತ್ತು, ಎ ಅಂದರೆ ಸುಮಾರು 452. ಅದನ್ನು 439ಕ್ಕೆ ಇಳಿಸಿದ್ದು 1896ರಲ್ಲಿ. 440 ಅಂತ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡದ್ದು 1939ರಲ್ಲಿ, ಲಂಡನ್ನಿನ ಸಭೆಯೊಂದರಲ್ಲಿ. ಹಾಗಾಗಿ ಆ ಕಾಲದ ವಾದ್ಯ 440ರವರೆಗೆ ಏರುವುದಿಲ್ಲ ಅಂದರೆ ಕಾರಣ ವಯಸ್ಸು. ತಂತಿ ಸತ್ತಿದೆ, ಅಥವಾ ಹಲಗೆ ಸೋತಿದೆ. ಬಲವಂತವಾಗಿ ಏರಿಸಿದರೆ ತಂತಿಗಳು ಪಟಪಟ ಹರಿಯುತ್ತವೆ. ಏರಿಸದೇ ಬಿಟ್ಟರೆ ನಿಮ್ಮ ಮಗಳು ಮನೆಯಲ್ಲಿ ಒಂದು ಶ್ರುತಿ, ಟೀಚರ್ ಹತ್ತಿರ ಇನ್ನೊಂದು ಶ್ರುತಿ ಕೇಳುತ್ತಾಳೆ. ಕಿವಿ ಬೆಳೆಯುವ ವಯಸ್ಸಿನಲ್ಲಿ ಅದು ಬೇಡ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸುತ್ತಿಗೆಯ ಫೆಲ್ಟಿನಲ್ಲಿ ತಂತಿಯ ಗೆರೆ ಸ್ವಲ್ಪ ಬಿದ್ದಿದ್ದರೆ ಚಿಂತೆಯಿಲ್ಲ, ಆಳದ ಹಳ್ಳವಾಗಿದ್ದರೆ ಖರ್ಚಿದೆ. ಫೆಲ್ಟನ್ನು ನುಸಿ ತಿಂದಿದೆಯಾ ನೋಡಿ. ಸುತ್ತಿಗೆಗಳಿಗೆ ಕಟ್ಟಿದ ಸಣ್ಣ ಬಟ್ಟೆಪಟ್ಟಿಗಳು ತುಂಡಾಗಿದ್ದರೆ ರಿಪೇರಿ ಸುಲಭ. ಕೆಲವು ಪಿಯಾನೋಗಳಲ್ಲಿ ಸುತ್ತಿಗೆಯನ್ನು ಹಿಂದಕ್ಕೆ ಎಳೆಯಲು ಸಣ್ಣ ಸ್ಪ್ರಿಂಗು ಮತ್ತು ದಾರದ ಕುಣಿಕೆ ಇರುತ್ತದೆ. ಆ ದಾರ ಕೊಳೆತು ಒಂದು ಕಿತ್ತಿದೆ ಅಂದರೆ ಉಳಿದವೂ ಸಾಲಾಗಿ ಕೀಳುತ್ತವೆ. ಕೀಗಳು ಒಂದಕ್ಕೊಂದು ಅಂಟುತ್ತಿದ್ದರೆ ತೇವ ಇರಬಹುದು. ಕೀ ಒಳಗೆ ತೂಕಕ್ಕೆ ಹಾಕಿದ ಸೀಸ ಹಳತಾಗಿ ಉಬ್ಬಿಕೊಂಡಿರಲೂಬಹುದು. ಬಿಳಿ ಪುಡಿ ಕಂಡರೆ ಮುಟ್ಟಬೇಡಿ, ಸೀಸ ವಿಷ. ಹಿಂಬದಿಯ ಸೌಂಡ್‌ಬೋರ್ಡಿನಲ್ಲಿ, ಅಂದರೆ ನಾದವನ್ನು ಹಿಗ್ಗಿಸುವ ತೆಳು ಹಲಗೆಯಲ್ಲಿ, ಬಿರುಕು ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಬಿರುಕಿದ್ದರೂ ಎಷ್ಟೋ ಪಿಯಾನೋ ಚೆನ್ನಾಗಿ ಹಾಡುತ್ತವೆ, ಗರಗರ ಸದ್ದು ಬಂದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಆದರೆ ತಂತಿಗಳು ಹಾದುಹೋಗುವ ಮರದ ಸೇತುವೆ ಸೀಳಿ ಅದರ ಪಿನ್‌ಗಳು ಓಲಾಡುತ್ತಿದ್ದರೆ ಬಿಟ್ಟುಬಿಡಿ. ಮರದ ಹಿಂಭಾಗದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಪಕ್ಕದಲ್ಲಿ ಹೊಸ ಹಿಟ್ಟಿನಂಥ ಪುಡಿ ಇದ್ದರೆ ಹುಳು ಇನ್ನೂ ಒಳಗಿದೆ.

ಮುಂದಿನ ಹಲಗೆಯ ಹೆಸರನ್ನೂ ಹಾಗೇ ನಂಬಬೇಡಿ. ಎಷ್ಟೋ ಅಂಗಡಿಯವರು ಎಲ್ಲಿಯದೋ ಪಿಯಾನೋ ತರಿಸಿ ತಮ್ಮ ಊರಿನ, ತಮ್ಮ ಅಂಗಡಿಯ ಹೆಸರು ಬರೆಸುತ್ತಿದ್ದರು. ಪ್ರದರ್ಶನದಲ್ಲಿ ಗೆದ್ದ ಪದಕಗಳ ಚಿತ್ರ ಇದ್ದರೆ ಅದರಲ್ಲಿನ ಇಸವಿ ಪಿಯಾನೋ ಮಾಡಿದ ಇಸವಿಯಲ್ಲ. ಅದಾದ ಮೇಲೆ ಯಾವಾಗ ಬೇಕಾದರೂ ಮಾಡಿರಬಹುದು. ನಿಜವಾದ ವಯಸ್ಸು ತಿಳಿಯಬೇಕಾದರೆ ಮುಚ್ಚಳದ ಕೆಳಗೆ, ಕಬ್ಬಿಣದ ಫ್ರೇಮಿನ ಮೇಲೆ ಅಥವಾ ಮೊದಲ ಕೀಯ ಪಕ್ಕದಲ್ಲಿ ಇರುವ ನಂಬರ್ ನೋಡಿ. ದೊಡ್ಡ ಕಂಪನಿಗಳದ್ದಾದರೆ ಆ ನಂಬರಿನಿಂದ ಇಸವಿ ಹೇಳುವ ಪಟ್ಟಿಗಳಿವೆ, ಟ್ಯೂನರ್ ಹತ್ತಿರ ಇರುತ್ತವೆ. ‘ಐರನ್ ಫ್ರೇಮ್’, ‘ಟ್ರೈಕಾರ್ಡ್’, ‘ಚೆಕ್ ಆ್ಯಕ್ಷನ್’ ಅಂತ ಬಂಗಾರದ ಅಕ್ಷರದಲ್ಲಿ ಬರೆದಿದ್ದರೆ ಅದು ಆ ಕಾಲದ ಜಾಹೀರಾತು. ನಮ್ಮ ಕಡೆ ಹಳೆಯ ಫ್ರಿಜ್ಜಿನ ಬಾಗಿಲಿಗೆ ‘ಡಿಲಕ್ಸ್’ ಅಂತ ಬರೆದಿರುತ್ತಿತ್ತಲ್ಲ, ಅಷ್ಟೇ ಕಿಮ್ಮತ್ತು.

ಈಗ ದುಡ್ಡಿನ ಲೆಕ್ಕ. 350 ಪೌಂಡ್ ಕೊಟ್ಟಿರಿ. ನಿಲುವು ಪಿಯಾನೋ ಇನ್ನೂರು ಇನ್ನೂರೈವತ್ತು ಕೆಜಿ ತೂಗುತ್ತದೆ. ಒಂದೇ ಬೀದಿಯಾದರೂ ಪಿಯಾನೋ ಸಾಗಿಸುವವರನ್ನೇ ಕರೆಸಬೇಕು, ನೂರು ಪೌಂಡಿನ ಮೇಲೆಯೇ ಆಗುತ್ತದೆ. ಗೆಳೆಯರನ್ನು ಕರೆದು ಎತ್ತಿಸಬೇಡಿ, ಬೆನ್ನು ಹೋದೀತು. ಒಂದು ಸಲ ಶ್ರುತಿ ಮಾಡಲು ಈಗ 70ರಿಂದ 100 ಪೌಂಡ್. ಇಳಿದಿರುವ ವಾದ್ಯವಾದರೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ತಂತಿ, ಪಿನ್ ಎಲ್ಲ ಹೊಸದು ಹಾಕಿಸುವುದಾದರೆ ಸಾವಿರಗಟ್ಟಲೆ ಪೌಂಡ್. ಅಷ್ಟು ಸುರಿದ ಮೇಲೂ ಅದು ನೇರ ತಂತಿಯ ಬರ್ಡ್‌ಕೇಜೇ. ಕೊನೆಗೆ ಬೇಡ ಅನ್ನಿಸಿದರೆ ಹೊರಹಾಕಲೂ ನೀವೇ ಕೊಡಬೇಕು. ಬಿಟ್ಟಿ ಪಿಯಾನೋ ಎಲ್ಲಕ್ಕಿಂತ ದುಬಾರಿ ಅಂತ ಟ್ಯೂನರ್‌ಗಳು ಆಡಿಕೊಳ್ಳುವುದು ಇದಕ್ಕೇ.

ನಾನಾಗಿದ್ದರೆ ಏನು ತಗೊಳ್ಳುತ್ತಿದ್ದೆ? ಬ್ರಿಟಿಷ್ ಪಿಯಾನೋನೇ ಬೇಕು ಅಂದರೆ ಆಂಟಿಕ್ ಅನ್ನುವ ಆಸೆ ಬಿಟ್ಟು 1920ರ ನಂತರದ್ದು ನೋಡುತ್ತಿದ್ದೆ. ಓರೆ ತಂತಿ, ಕೆಳಗಿನ ಡ್ಯಾಂಪರ್, ಪೂರ್ತಿ ಕಬ್ಬಿಣದ ಫ್ರೇಮ್, ಮೂರೂ ಇರಲೇಬೇಕು. ಎರಡು ಯುದ್ಧಗಳ ನಡುವಿನ ಚಾಪೆಲ್, ಚಾಲೆನ್, ಬ್ರಾಡ್‌ವುಡ್‌ಗಳಲ್ಲಿ ಒಳ್ಳೆಯವು ಸಿಗುತ್ತವೆ. ಯುದ್ಧದ ನಂತರದವು ಇನ್ನೂ ನಂಬಿಕಸ್ತ: ವೆಲ್ಮಾರ್, ನೈಟ್, ಡೇನ್‌ಮನ್, ಕೆಂಬಲ್. ಡೇನ್‌ಮನ್ ಶಾಲೆಗಳಿಗೆ ಅಂತಲೇ ಹೆಸರಾದದ್ದು. ಕಾಣಲು ಒರಟು, ಮಕ್ಕಳ ಗುದ್ದು ತಡೆಯಲೆಂದೇ ಮಾಡಿದ್ದು. ನೈಟ್ ಕಂಪನಿಯ ವಾದ್ಯಗಳ ಮಂದ್ರ ಸ್ವರ ನನಗೆ ಬಹಳ ಇಷ್ಟ. ಕೆಂಬಲ್ 2009ರವರೆಗೂ ಇಂಗ್ಲೆಂಡಿನಲ್ಲೇ ತಯಾರಾಗುತ್ತಿತ್ತು, ಹಾಗಾಗಿ ಹೆಚ್ಚು ವಯಸ್ಸಾಗದವೂ ಸಿಗುತ್ತವೆ. ಇವುಗಳಿಗೆ ಮೇಣದಬತ್ತಿ ಸ್ಟ್ಯಾಂಡು ಇರುವುದಿಲ್ಲ, ಅಷ್ಟೇ.

ಒಂದನ್ನು ಮಾತ್ರ ದೂರ ಇಡಿ: 1934ರಲ್ಲಿ ಈವ್‌ಸ್ಟಾಫ್ ಕಂಪನಿ ತಂದ ‘ಮಿನಿಪಿಯಾನೋ’. ನೋಡಲು ಮುದ್ದಾಗಿದೆ, ಪುಟ್ಟ ಮನೆಗೆ ಹಿಡಿಸುತ್ತದೆ. ಆದರೆ ಮೊದಲ ಮಾದರಿಗಳಲ್ಲಿ ಟ್ಯೂನಿಂಗ್ ಪಿನ್‌ಗಳು ಕೀಬೋರ್ಡಿನ ಕೆಳಗಿವೆ. ರಿಪೇರಿ ಮಾಡಲು ಒಪ್ಪುವವರನ್ನು ಹುಡುಕುವುದೇ ಕಷ್ಟ.

ಅಷ್ಟು ಬಜೆಟ್ ಇಲ್ಲ ಅಂದರೆ 88 ಕೀಗಳಿರುವ, ಸುತ್ತಿಗೆಯ ಭಾರ ಕೊಡುವ ಡಿಜಿಟಲ್ ಪಿಯಾನೋ ತಗೊಳ್ಳಿ. ಟೀಚರ್ ಮೂಗು ಮುರಿಯಬಹುದು. ಅಂದರೂ ಶ್ರುತಿ ನಿಲ್ಲದ ಬರ್ಡ್‌ಕೇಜ್‌ಗಿಂತ ಅದು ಸಾವಿರ ಪಾಲು ಮೇಲು. ಇಲ್ಲಿನ ಅಂಗಡಿಗಳಲ್ಲಿ ಪಿಯಾನೋ ಬಾಡಿಗೆಗೂ ಸಿಗುತ್ತದೆ. ಎಷ್ಟೋ ಕಡೆ ಕಟ್ಟಿದ ಬಾಡಿಗೆಯ ಒಂದು ಭಾಗವನ್ನು ಆಮೇಲೆ ಬೆಲೆಯಲ್ಲಿ ಕಳೆಯುತ್ತಾರೆ. ವಿಚಾರಿಸಿ.

ಈಗ ಆನೆ ದಂತದ ವಿಷಯಕ್ಕೆ ಬರೋಣ. ನೀವು ಇದನ್ನು ಕೇಳಿಯೇ ಇಲ್ಲ, ಆದರೆ 1890ರ ಪಿಯಾನೋ ಅಂದರೆ ಬಿಳಿ ಕೀಗಳ ಮೇಲೆ ದಂತದ ಹಾಳೆ ಇರುವ ಸಾಧ್ಯತೆ ಬಹಳ. ಗುರುತು ಹೀಗೆ: ಕೀಯ ಮುಂದಿನ ಅಗಲ ಭಾಗ ಮತ್ತು ಕರಿ ಕೀಗಳ ನಡುವೆ ಹೋಗುವ ಸಪೂರ ಭಾಗ ಎರಡು ಬೇರೆ ತುಂಡಾಗಿ, ನಡುವೆ ಕೂದಲೆಳೆಯಂಥ ಅಡ್ಡಗೆರೆ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮರದ ಎಳೆಯ ಹಾಗೆ ಏರುಪೇರಿನ ರೇಖೆಗಳಿರುತ್ತವೆ. ಸೆಲ್ಯುಲಾಯ್ಡ್ (ಹಳೆಯ ಕಾಲದ ಪ್ಲಾಸ್ಟಿಕ್) ಆದರೆ ಒಂದೇ ತುಂಡು. ಅದರಲ್ಲೂ ರೇಖೆ ಇರಬಹುದು, ಆದರೆ ಸ್ಕೇಲ್ ಇಟ್ಟು ಎಳೆದಷ್ಟು ನೇರ.

ದಂತ ಇದ್ದರೆ ಬ್ರಿಟನ್ನಿನ 2018ರ ಐವರಿ ಕಾಯ್ದೆ ಅನ್ವಯವಾಗುತ್ತದೆ. ಅದು ಜಾರಿಗೆ ಬಂದದ್ದು 2022ರ ಜೂನ್ 6ರಂದು. ದಂತದ ವ್ಯಾಪಾರ ನಿಷಿದ್ಧ, ಆದರೆ ವಾದ್ಯಗಳಿಗೆ ಒಂದು ವಿನಾಯಿತಿ ಇದೆ: 1975ಕ್ಕೆ ಮೊದಲು ಮಾಡಿದ್ದಾಗಿರಬೇಕು, ದಂತದ ಪ್ರಮಾಣ ಒಟ್ಟು ಗಾತ್ರದ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಪಿಯಾನೋ ಎರಡರಲ್ಲೂ ಪಾಸಾಗುತ್ತದೆ. ಆದರೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಮಾರುವ ಮುಂಚೆ ಮಾಲೀಕರು ಸರ್ಕಾರದ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಕಾನೂನಿನ ಕಣ್ಣಿನಲ್ಲಿ ಕೊಳ್ಳುವವರೂ ವ್ಯಾಪಾರ ಮಾಡಿದವರೇ, ಇದನ್ನು ಮರೆಯಬೇಡಿ. ಅದಕ್ಕೇ ನೋಂದಣಿ ನಂಬರ್ ತೋರಿಸಿ ಅಂತ ಕೇಳಿ. ‘ಅದೆಲ್ಲ ಯಾರು ಮಾಡ್ತಾರೆ’ ಅಂದರೆ ವಾಪಸ್ ಬನ್ನಿ. ದುಡ್ಡಿಲ್ಲದೆ ಉಡುಗೊರೆಯಾಗಿ ಕೊಡಲು ನೋಂದಣಿ ಬೇಕಿಲ್ಲ.

ಭಾರತಕ್ಕೆ ಒಯ್ಯುವುದು ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ತಂದು ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿದರು. 1991ರ ತಿದ್ದುಪಡಿಯಲ್ಲಿ ಆಫ್ರಿಕಾದ ದಂತವನ್ನೂ ಸೇರಿಸಿದರು. ಮನೆ ಸಾಮಾನಿನ ಜೊತೆ ಕಂಟೇನರಿನಲ್ಲಿ ಹಾಕಿ ಕಳಿಸಿದರೆ ಬಂದರಿನಲ್ಲಿ ಕಸ್ಟಮ್ಸ್‌ನವರು ಹಿಡಿಯಬಹುದು, ಮುಟ್ಟುಗೋಲು ಹಾಕಿಕೊಳ್ಳಬಹುದು. ಒಯ್ಯಲೇಬೇಕು ಅಂದರೆ ಇಲ್ಲೇ ದಂತ ತೆಗೆಸಿ ಪ್ಲಾಸ್ಟಿಕ್ ಹಾಕಿಸಿ, ಹಾಕಿದವರಿಂದ ಪತ್ರ ಬರೆಸಿಕೊಳ್ಳಬೇಕು. ಪೆಟ್ಟಿಗೆ ರೋಸ್‌ವುಡ್‌ನದ್ದಾಗಿದ್ದರೆ ಅದಕ್ಕೂ ಬೇರೆ ನಿಯಮಗಳಿವೆ. ಬ್ರೆಜಿಲ್ ರೋಸ್‌ವುಡ್ 1992ರಿಂದ ದಂತದಷ್ಟೇ ಬಿಗಿಯಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ನಿಮ್ಮದು ವಾಲ್‌ನಟ್, ಆ ತಾಪತ್ರಯ ಇಲ್ಲ.

ಕಾನೂನು ದಾಟಿದರೂ ಹವೆ ಇದೆ. ಪಿಯಾನೋಗೆ ಗಾಳಿಯಲ್ಲಿ ಶೇಕಡಾ 40ರಿಂದ 60ರಷ್ಟು ತೇವಾಂಶ ಇದ್ದು, ಅದು ಹೆಚ್ಚು ಏರಿಳಿಯದೆ ಇದ್ದರೆ ಆರಾಮ. ಮೈಸೂರಿನಲ್ಲಿ ಮಾರ್ಚ್‌ನಲ್ಲಿ ಒಣ ಗಾಳಿ, ಜುಲೈನಲ್ಲಿ ಬಟ್ಟೆ ಒಣಗದಷ್ಟು ತೇವ. ಅದರ ಮೇಲೆ ಗೆದ್ದಲು, ಇಲಿ. ಹಾಗಂತ ಮೈಸೂರಿಗೆ ಪಿಯಾನೋ ಒಗ್ಗುವುದೇ ಇಲ್ಲ ಅಂತಲ್ಲ. ಜಯಚಾಮರಾಜ ಒಡೆಯರ್ ಅವರೇ ಪಿಯಾನೋ ನುಡಿಸುತ್ತಿದ್ದರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅನ್ನುವ ಡಿಪ್ಲೊಮಾ ಪಡೆದವರು ಅವರು. ಬ್ರಿಟಿಷ್ ಕಂಪನಿಗಳು ನಮ್ಮಂಥ ದೇಶಗಳಿಗೆ ಅಂತಲೇ ಬೇರೆ ಮಾದರಿ ಮಾಡುತ್ತಿದ್ದವು. ಅಂಟಿನ ಮೇಲೆ ಭರವಸೆ ಇಡದೆ ಸ್ಕ್ರೂ ಹಾಕಿ ಬಿಗಿದವು, ಹಿತ್ತಾಳೆಯ ಪಟ್ಟಿ ಹೊಡೆದವು, ಕೆಲವಂತೂ ತೇಗದ ಪೆಟ್ಟಿಗೆಯವು. ಹಳೆಯ ಬಂಗಲೆಗಳಲ್ಲಿ, ಚರ್ಚುಗಳಲ್ಲಿ ಅಂಥವು ಇನ್ನೂ ಕಾಣಸಿಗುತ್ತವೆ. ಲೆಸ್ಟರ್‌ನ ಬೈಠಕ್ ಕೋಣೆಗೆ ಮಾಡಿದ ನಿಮ್ಮ ಕಾಲರ್ಡ್‌ಗೆ ಆ ರಕ್ಷಣೆ ಯಾವುದೂ ಇರಲಾರದು. ವಾಪಸ್ ಹೋಗುವಾಗ ಇಲ್ಲಿಯದನ್ನು ಇಲ್ಲೇ ಮಾರಿ, ಅಲ್ಲಿ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಹೊಸದು ತಗೊಳ್ಳುವುದೇ ಲೇಸು. ಚೆನ್ನೈನ ಮ್ಯೂಸಿ ಮ್ಯೂಸಿಕಲ್‌ನಂಥ ಅಂಗಡಿ 1842ರಿಂದ, ಮಿಸ್ಕ್ವಿತ್ ಅನ್ನುವ ಹೆಸರಿದ್ದ ಕಾಲದಿಂದ, ಇದೇ ಕೆಲಸದಲ್ಲಿದೆ.

ಸದ್ಯಕ್ಕೆ ಹೀಗೆ ಮಾಡಿ. ಮಾಲೀಕರಿಗೆ ಫೋನ್ ಮಾಡಿ, ಮೇಲಿನ ಮುಚ್ಚಳ ತೆಗೆದು ಒಳಗಿನ ಒಂದು ಫೋಟೋ ಕಳಿಸಲು ಹೇಳಿ. ಸುತ್ತಿಗೆಗಳ ಮುಂದೆ ಕಂಬಿಗಳ ಸಾಲು ಕಂಡರೆ ಧನ್ಯವಾದ ಹೇಳಿ ಅಲ್ಲಿಗೇ ನಿಲ್ಲಿಸಿ. ಕಾಣದಿದ್ದರೆ ಕೊನೆಯ ಸಲ ಯಾವಾಗ ಶ್ರುತಿ ಮಾಡಿಸಿದ್ದು, ಯಾರಿಂದ ಅಂತ ಕೇಳಿ. ಆಮೇಲೆ ನಿಮ್ಮದೇ ಟ್ಯೂನರ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಾರುವವರು ಹೇಳಿದ ಟ್ಯೂನರ್ ಬೇಡ. ಪಿಯಾನೋಫೋರ್ಟೆ ಟ್ಯೂನರ್ಸ್ ಅಸೋಸಿಯೇಷನ್ ಅಂತ 1913ರಿಂದ ಇರುವ ಸಂಘ ಇದೆ, ಅದರ ಸದಸ್ಯರು ನಿಮ್ಮ ಕಡೆಯೂ ಸಿಗುತ್ತಾರೆ. ಒಂದು ಟ್ಯೂನಿಂಗ್‌ನಷ್ಟು ಫೀಸ್ ತಗೊಂಡು ಪಿನ್‌ಗಳಿಗೆ ಕೀಲಿ ಹಾಕಿ ತಿರುಗಿಸಿ ಬಿಗಿ ನೋಡುತ್ತಾರೆ. 440ಕ್ಕೆ ಏರುತ್ತದಾ, ಏರಿದ್ದು ನಿಲ್ಲುತ್ತದಾ ಅಂತ ನೇರವಾಗಿ ಕೇಳಿ, ಉತ್ತರ ಬರೆಸಿಕೊಳ್ಳಿ. ಯಾವ ಪಿಯಾನೋ ಮನೆಗೆ ಬಂದರೂ ರೇಡಿಯೇಟರ್‌ನಿಂದ, ಬಿಸಿಲು ಬೀಳುವ ಕಿಟಕಿಯಿಂದ ದೂರ, ಒಳಗಿನ ಗೋಡೆಗೆ ಇಡಿ. ಎರಡು ಮೂರು ವಾರ ಹಾಗೇ ಬಿಟ್ಟು ಆಮೇಲೆ ಶ್ರುತಿ ಮಾಡಿಸಿ. ಟ್ಯೂನರ್ ಬರೆದುಕೊಟ್ಟದ್ದು ಅರ್ಥವಾಗದಿದ್ದರೆ ಫೋಟೋ ಜೊತೆಗೆ ಕಳಿಸಿ, ನೋಡಿ ಹೇಳುತ್ತೇನೆ.